ಶಾಲೆಯಲ್ಲಿ ಶಿಸ್ತು, ನಡವಳಿಕೆ ಕಲಿಸುವ ಕಾರ್ಯಕ್ರಮ: ಮಾಡಿದವರು ಅನುಭವ ಹೇಳಿ

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಕುಂದಗೋಳ: ನಮ್ಮೂರ ಸರಕಾರಿ ಶಾಲೆಯಲ್ಲಿ ಆರು, ಏಳನೇ ತರಗತಿಯವರ ಜಗಳ ಜಾಸ್ತಿಯಾಗಿದೆ. ಹೊಂದಿಕೊಂಡು ಇರೋದು, ಶಿಸ್ತು ಕಲಿಸುವ ಕಾರ್ಯಕ್ರಮ ಶುರು ಮಾಡಬೇಕು. ಹೊರಗಿನವರನ್ನು ಕರೆಸಬೇಕಾ, ನಾವೇ ಮಾಡಬಹುದಾ?

ಶಿಕ್ಷಕಿ, ನವನಗರ: ನಮ್ಮ ಖಾಸಗಿ ಶಾಲೆಗೆ ಹೊರಗಿನ ತಂಡ ಬಂದಿತ್ತು. ತರಬೇತಿಗೆ 18,000 ರೂಪಾಯಿ, ಊಟ ಬೇರೆ. ಒಳ್ಳೆ ನಡತೆಗೆ ಮಕ್ಕಳಿಗೆ ಕೊಡುವ ಸ್ಟಾರ್ ಕಾರ್ಡು ಒಂದಕ್ಕೆ 14 ರೂಪಾಯಿ, ಲ್ಯಾಮಿನೇಶನ್ ಸೇರಿ. ಮಳೆಗಾಲದಲ್ಲಿ ಅಂಚು ಬಿಟ್ಟುಕೊಂಡವು, ಮತ್ತೆ ಪ್ರಿಂಟು. ದಸರಾ ರಜೆ ಹೊತ್ತಿಗೆ ಸ್ಟಾರ್ ಕೊಟ್ಟರಷ್ಟೇ ಕಸ ಎತ್ತುವಂತಾಯಿತು. ತಂಡದವರು ಫೋನ್ ಕೂಡ ಎತ್ತಲಿಲ್ಲ.

ತಾಯಿ, ಬೆಟಗೇರಿ: ಸ್ಟಾರ್ ಹೆಸರೇ ಎತ್ತಬೇಡಿ! ನನ್ನ ಮಗನಿಗೆ ಉಗ್ಗು. ಪ್ರಾರ್ಥನೆ ವೇಳೆ ಸುದ್ದಿ ಓದಲಿಲ್ಲ ಅಂತ ಗೋಡೆ ಮೇಲಿನ ಸ್ಟಾರ್ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟರು. ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದ. ಶಾಲೆ ಬಿಡಿಸಿದೆವು. ಹೊಸ ಶಾಲೆಗೆ ಪ್ರವೇಶ 12,500, ಸಮವಸ್ತ್ರ 2,300, ಬೂಟು 650. ಹಳೆ ಶಾಲೆಯವರು ಒಂದು ಪೈಸೆ ವಾಪಸ್ ಕೊಡಲಿಲ್ಲ.

ಮೇಷ್ಟ್ರು, ಬ್ಯಾಡಗಿ: ನಮ್ಮದು ಸರಕಾರಿ ಶಾಲೆ. ಮೆಣಸಿನಕಾಯಿ ಸೀಸನ್‌ನಲ್ಲಿ ತಾಯಂದಿರು ತೊಟ್ಟು ಬಿಡಿಸಲು ಹೋಗುತ್ತಾರೆ. ದೊಡ್ಡ ಮಕ್ಕಳು ತಂಗಿ, ತಮ್ಮನನ್ನು ನೋಡಿಕೊಂಡು ತಡವಾಗಿ ಬರುತ್ತಾರೆ. ಅದನ್ನು ಅಶಿಸ್ತು ಅನ್ನೋದನ್ನು ಮೊದಲು ನಿಲ್ಲಿಸಿದೆವು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 10 ಜೀವನ ಕೌಶಲಗಳಲ್ಲಿ ಎರಡನ್ನೇ ಹಿಡಿದೆವು: ಸಿಟ್ಟು, ದುಃಖ ನಿಭಾಯಿಸೋದು, ಇನ್ನೊಬ್ಬರ ಕಷ್ಟ ಅರಿಯೋದು. ಶನಿವಾರ ಎಲ್ಲರನ್ನೂ ಸುತ್ತ ಕೂರಿಸಿ ಮಾತಾಡಿಸುತ್ತೇವೆ. ಬಿಸಿಯೂಟದ ಸಾಲಿನಲ್ಲಿ ಯಾರು ಮುಂದೆ ಅನ್ನೋದೇ ದೊಡ್ಡ ಜಗಳವಾಗಿತ್ತು. ನಿಯಮ ಮಕ್ಕಳೇ ಮಾಡಿದರು. ಸಣ್ಣವರು ಮೊದಲು, ಬಡಿಸುವ ಪಾಳಿಯವರು ಕೊನೆಗೆ. ಖರ್ಚು ಒಂದು ಡ್ರಾಯಿಂಗ್ ಶೀಟ್, ಅಷ್ಟೇ.

ಅಂಗಡಿಯವರು, ರಾಣೆಬೆನ್ನೂರು: ಸುಮ್ನೆ ಇವೆಲ್ಲ. ನಮ್ಮ ಮೇಷ್ಟ್ರು ಬೆತ್ತ ಹಿಡಿದಿದ್ದಕ್ಕೇ ನಾನು ದಾರಿಗೆ ಬಂದೆ.

ಮೇಷ್ಟ್ರು, ಬ್ಯಾಡಗಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಓದಿ. ಹೊಡೆಯೋದಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆಟಗೇರಿ ಅಕ್ಕನವರ ಮಗನಿಗೆ ಇಟ್ಟ ಚುಕ್ಕೆ ಇನ್ನೇನು ಮತ್ತೆ?

ಶಿಕ್ಷಕಿ, ನವನಗರ: ಸರ್, ಹೇಳೋದು ಸುಲಭ. ನನ್ನ ತರಗತಿಯಲ್ಲಿ 52 ಮಕ್ಕಳು. ಸುತ್ತ ಕೂರಿಸಲು ಜಾಗ ಎಲ್ಲಿದೆ?

ಮೇಷ್ಟ್ರು, ಬ್ಯಾಡಗಿ: ಅಂಗಳಕ್ಕೆ ಕರ್ಕೊಂಡು ಹೋಗ್ರಿ ಮೇಡಂ.

ಶಿಕ್ಷಕಿ, ನವನಗರ: ಅಂಗಳದ ತುಂಬ ಶಾಲೆ ಬಸ್ಸು. ಆಡಳಿತ ಮಂಡಳಿ ಕೇಳದೆ ಒಂದು ಬೆಂಚು ಸರಿಸುವ ಹಾಗಿಲ್ಲ. ನಮ್ಮ ಸಂಬಳ ಎಷ್ಟು ಅಂತ ಗೊತ್ತಾ ನಿಮಗೆ?

ಅಂಗಡಿಯವರು, ರಾಣೆಬೆನ್ನೂರು: ಸರಕಾರಿ ಮೇಷ್ಟ್ರು ತಮ್ಮ ಮಕ್ಕಳನ್ನು ಎಲ್ಲಿ ಓದಿಸ್ತಾರೆ? ಮೊದಲು ಅದು ಹೇಳಲಿ.

ಮೇಷ್ಟ್ರು, ಬ್ಯಾಡಗಿ: ನನ್ನ ಮಗಳು ನನ್ನ ಶಾಲೆಯಲ್ಲೇ ಐದನೇ ತರಗತಿ. ಬಂದು ನೋಡಿ.