ಪದ ಬೇಕು: ವಿಮಾನದ 'ಸ್ಟ್ಯಾಂಡ್‌ಬೈ' ಮಾಪಕ (ತುರ್ತು)

ಎಲ್ಲರಿಗೂ ನಮಸ್ಕಾರ. ಸಣ್ಣ ವಿಮಾನವೊಂದರ ಕಾಕ್‌ಪಿಟ್ ವಿವರಿಸುವ ಫಲಕ ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ದೊಡ್ಡ ಪರದೆಗಳ ಕೆಳಗೆ ಮೂರು ಚಿಕ್ಕ ಡಯಲ್‌ಗಳಿವೆ. ಒಂದು ವೇಗಕ್ಕೆ, ಒಂದು ಎತ್ತರಕ್ಕೆ, ಇನ್ನೊಂದು ವಿಮಾನ ಎತ್ತ ವಾಲಿದೆ ಎಂದು ತೋರಿಸಲು. ಪರದೆ ಆರಿಹೋದರೆ ಇವೇ ಗತಿ. 'ಮೀಸಲು ಮಾಪಕ' ಎಂದು ಹಾಕಿದ್ದೇನೆ. ನಡೆಯುತ್ತದಾ?

---

ನಡೆಯುವುದಿಲ್ಲ. ಮೀಸಲು ಎಂದರೆ ಯಾರೂ ಮುಟ್ಟದಂತೆ ಎತ್ತಿಟ್ಟದ್ದು. 'ಮೀಸಲು ಮುರಿಯುವುದು' ಎಂಬ ಮಾತು ಬಂದದ್ದೇ ಹಾಗೆ. 'ಬದಲಿ' ಎನ್ನಿ, ಮುಗಿಯಿತು.

---

ಬದಲಿ ಅರಬ್ಬಿಯಿಂದ ಬಂದದ್ದು. ಮಾಪಕ ಸಂಸ್ಕೃತ. ನಮ್ಮಲ್ಲಿ 'ಒತ್ತಾಸೆ' ಇರುವಾಗ ಸಾಲ ಯಾಕೆ? 'ಒತ್ತಾಸೆ ಅಳೆಕ' ಎಂದು ಬರೆಯಿರಿ.

---

ಅಳೆಕ! ಅದನ್ನು ಓದಿದವರಿಗೆ ಇನ್ನೊಂದು ಫಲಕ ಹಾಕಿ ವಿವರಿಸಬೇಕು. ಜನ ಆಡುವ ಪದ ಇದೆಯಲ್ಲ, ಸ್ಟೆಪ್ನಿ. ಅದೂ ಸಾಲವೇ, ಒಪ್ಪುತ್ತೇನೆ. ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ 1904ರ ಸುಮಾರಿಗೆ ಹುಟ್ಟಿದ ಬಿಡಿ ಚಕ್ರಕ್ಕೆ ಆ ಬೀದಿಯ ಹೆಸರೇ ಅಂಟಿತು. ಅಲ್ಲಿಯವರು ಮರೆತರೂ ನಾವು ಬಿಟ್ಟಿಲ್ಲ.

---

ಬೀದಿಯ ಚರಿತ್ರೆ ಚೆನ್ನಾಗಿದೆ, ಆದರೆ ಸ್ಟೆಪ್ನಿ ಡಿಕ್ಕಿಯಲ್ಲಿ ಸುಮ್ನೆ ಮಲಗಿರುತ್ತದೆ. ಈ ಡಯಲ್‌ಗಳು ಹಾರಾಟದುದ್ದಕ್ಕೂ ಕೆಲಸ ಮಾಡುತ್ತಲೇ ಇರುತ್ತವೆ. ಪೈಲಟ್ ಆಗಾಗ ಪರದೆಯ ಜೊತೆ ಹೋಲಿಸಿ ನೋಡುತ್ತಾರೆ. ಪದ ಹುಡುಕುವ ಮೊದಲು ವಸ್ತುವನ್ನು ನೋಡೋಣ.

ಎತ್ತರದ ಡಯಲ್‌ಗೆ ಕರೆಂಟೇ ಬೇಡ. ಒಳಗೆ ಗಾಳಿ ತೆಗೆದು ಮುಚ್ಚಿದ ತೆಳು ಲೋಹದ ಡಬ್ಬಿಗಳಿವೆ. ಮೇಲೇರಿದಂತೆ ಹೊರಗಿನ ಒತ್ತಡ ಇಳಿಯುತ್ತದೆ, ಡಬ್ಬಿ ಉಬ್ಬುತ್ತದೆ, ಮುಳ್ಳು ತಿರುಗುತ್ತದೆ. ವೇಗದ್ದೂ ಗಾಳಿಯ ಆಟವೇ. ಪಿಟೋ ಕೊಳವೆಗೆ ಎದುರಿನಿಂದ ನುಗ್ಗುವ ಗಾಳಿಯ ಒತ್ತಡಕ್ಕೂ ಸುತ್ತಲಿನ ಗಾಳಿಯ ಒತ್ತಡವನ್ನಷ್ಟೇ ಹಿಡಿಯುವ ಪಕ್ಕದ ಸ್ಟ್ಯಾಟಿಕ್ ರಂಧ್ರದ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು ಅದು ತೋರಿಸುತ್ತದೆ. ವಾಲಿಕೆ ತೋರಿಸುವುದಕ್ಕೆ ಮಾತ್ರ ಗೈರೋ ಬೇಕು, ಅಂದರೆ ಜೋರಾಗಿ ತಿರುಗುತ್ತಾ ತನ್ನ ನಿಲುವು ಬಿಡದ ಚಕ್ರ. ಕೆಲವು ವಿಮಾನಗಳಲ್ಲಿ ಎಂಜಿನ್‌ಗೆ ಜೋಡಿಸಿದ ವ್ಯಾಕ್ಯೂಮ್ ಪಂಪ್ ಗಾಳಿ ಎಳೆದು ಅದನ್ನು ತಿರುಗಿಸುತ್ತದೆ. ಹೊಸದರಲ್ಲಿ ಎಲೆಕ್ಟ್ರಾನಿಕ್ ಡಯಲ್, ಅದಕ್ಕೆ ಸ್ವಂತ ಬ್ಯಾಟರಿ. ಪರದೆ ನಂಬಿರುವ ವಿದ್ಯುತ್ತನ್ನೇ ಇದೂ ನಂಬಿರಬಾರದು, ಗುಟ್ಟು ಅಷ್ಟೇ.

ಪಂಪ್ ಕೆಟ್ಟರೆ ಗೈರೋ ತಕ್ಷಣ ನಿಲ್ಲುವುದಿಲ್ಲ. ನಿಧಾನವಾಗಿ ವೇಗ ಕಳೆದುಕೊಂಡು ಸುಳ್ಳು ಹೇಳತೊಡಗುತ್ತದೆ. ಮೋಡದೊಳಗೆ ಆ ಸುಳ್ಳನ್ನು ನಂಬಿ ವಿಮಾನ ವಾಲಿಸಿದವರಿದ್ದಾರೆ. ಅದಕ್ಕೇ ಕೆಟ್ಟ ಡಯಲ್ ಮೇಲೆ ಏನಾದರೂ ಅಂಟಿಸಿ ಮುಚ್ಚಿಬಿಡಲು ಕಲಿಸುತ್ತಾರೆ.

ಇನ್ನೊಂದು ಸಂಗತಿ. ಎಷ್ಟೋ ಸಣ್ಣ ವಿಮಾನಗಳಲ್ಲಿ ಪರದೆಗೂ ಈ ಡಯಲ್‌ಗಳಿಗೂ ಪಿಟೋ, ಸ್ಟ್ಯಾಟಿಕ್ ಕೊಳವೆಗಳು ಒಂದೇ. ಅಲ್ಲಿ ಮಂಜುಗಟ್ಟಿದರೆ ಎರಡೂ ಒಟ್ಟಿಗೆ ತಪ್ಪುತ್ತವೆ. ಹಾಗಾಗಿ 'ಬದಲಿ' ಎಂದರೆ ಇಲ್ಲದ ಭರವಸೆ ಕೊಟ್ಟಂತೆ. ಸ್ಟ್ಯಾಟಿಕ್ ರಂಧ್ರ ಕಟ್ಟಿಕೊಂಡಾಗ ಕ್ಯಾಬಿನ್ ಗಾಳಿಗೆ ತಿರುಗಿಸುವ ಗುಂಡಿ ಇರುತ್ತದಲ್ಲ, ಅದು ನಿಜವಾದ ಬದಲಿ. ಅಲ್ಲಿ ಒತ್ತಡ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಎತ್ತರವೂ ವೇಗವೂ ತುಸು ಜಾಸ್ತಿ ತೋರಿಸುತ್ತವೆ. ಬ್ಯಾಟರಿಗೆ 'ಮೀಸಲು' ಸರಿ. ಈ ಡಯಲ್‌ಗಳಿಗೆ 'ಜೊತೆ ಮಾಪಕ' ಎನ್ನಿ.

---

'ಜೊತೆ' ಸಂಸ್ಕೃತದ 'ಯುತ'ದ ತದ್ಭವ ಅಲ್ವಾ? ಅಲ್ಲ ಎನ್ನುವವರು ಆಧಾರ ಕೊಡಿ.

---

ನಿಮ್ಮ ಮಾತಿನಲ್ಲೇ 'ಆಧಾರ' ಇದೆ, ಅದನ್ನು ಮೊದಲು ತೆಗೆಯಿರಿ.

---

ಅದು ಅಡ್ಡಮಾತು. ಬರೆಯುವಾಗ ಸಾಲ ಬರುತ್ತದೆ, ಹೊಸದಾಗಿ ಕಟ್ಟುವಾಗ ಬರಬಾರದು. ಇಷ್ಟೂ ತಿಳಿಯದವರ ಜೊತೆ ಚರ್ಚೆ ಬೇಡ.

---

ಈಗ 'ಜೊತೆ' ನೀವೇ ಬಳಸಿದಿರಿ.

---

ಕೇಳಿದವನು ನಾನು. 'ಜೊತೆ ಮಾಪಕಗಳು' ಎಂದು ಹಾಕಿ, ಕೆಳಗೆ 'ಪರದೆ ಕೆಟ್ಟಾಗ ನೋಡುವವು' ಎಂದು ಸೇರಿಸಿದೆ. ಫಲಕದಲ್ಲಿ ಹಿಡಿಸಿತು. ಇನ್ನು 'ಗೈರೋ'ಗೆ ಏನು ಮಾಡಲಿ?

---

ಗೈರೋ ಎಂದೇ ಬಿಡಿ. ದಯವಿಟ್ಟು.