ಪದ ಬೇಕು: ಹಸುಗೂಸಿನ ಮೈಯಲ್ಲಿ ಕೂಡಿಟ್ಟ ಕಬ್ಬಿಣಕ್ಕೆ ಏನನ್ನಲಿ?

ಎಲ್ಲರಿಗೂ ನಮಸ್ಕಾರ. ಹೆರಿಗೆ ವಾರ್ಡಿನ ಗೋಡೆಗೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ದಿನ ತುಂಬಿ ಹುಟ್ಟಿದ ಕೂಸಿನ ಮೈಯಲ್ಲಿ ಕೆಜಿ ತೂಕಕ್ಕೆ ಸುಮಾರು 75 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದರಲ್ಲಿ ಹೆಚ್ಚಿನದು ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಬಂದದ್ದು. ಎದೆಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ. ಹಾಗಾಗಿ ನಾಲ್ಕರಿಂದ ಆರು ತಿಂಗಳು ಕೂಸು ಇದರಲ್ಲೇ ಕಾಲ ತಳ್ಳಬೇಕು. ನನಗೆ ಬಂದ ಕರಡಿನಲ್ಲಿ ‘ಕಬ್ಬಿಣಾಂಶದ ಮಟ್ಟ’ ಎಂದಿದೆ. ಸರಿ ಕಾಣುತ್ತಿಲ್ಲ. ಬೇರೆ ಪದ ಇದೆಯೇ?

> ‘ಕಬ್ಬಿಣಾಂಶದ ಮಟ್ಟ’

ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಸಾಲದ್ದಕ್ಕೆ ಸಂಸ್ಕೃತದ ಸವರ್ಣದೀರ್ಘ ಸಂಧಿ ಬೇರೆ. ‘ಲೋಹಾಂಶ ಸಂಗ್ರಹ’ ಎಂದು ಹಾಕಿ.

> ‘ಲೋಹಾಂಶ ಸಂಗ್ರಹ’

ಖಂಡಿತ ಬೇಡ. ಕನ್ನಡದಲ್ಲಿ ಲೋಹ ಎಂದರೆ ತಾಮ್ರವೂ ಹೌದು, ಸೀಸವೂ ಹೌದು. ಮಗುವಿನ ಮೈಯಲ್ಲಿ ಲೋಹ ಇದೆ ಅಂತ ಓದಿದ ಬಾಣಂತಿ ಗಾಬರಿಯಾಗಲ್ವಾ?

ಕಬ್ಬಿಣ ನಮ್ಮದೇ ಪದ. ಕರಿದು, ಪೊನ್ ಸೇರಿ ಆದದ್ದು. ಹಳಗನ್ನಡದ ಕರ್ಬುನವೇ ಸವೆದು ಕಬ್ಬಿಣವಾಯಿತು. ಪೊನ್ ಎಂದರೆ ಚಿನ್ನ ಮಾತ್ರ ಅಲ್ಲ, ಲೋಹವೂ ಹೌದು. ತಮಿಳಿನಲ್ಲೂ ಕರುಂಪೊನ್ ಇದೆ. ಇಂಥ ಕರಿಯ ಹೊನ್ನು ಕೈಯಲ್ಲಿರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ಇನ್ನು ಅರಿಸಮಾಸದ ಮಾತು. ಹಿಂದಿನವರ ಬಳಕೆಯಲ್ಲಿ ನೆಲೆನಿಂತ ಅರಿಸಮಾಸಗಳನ್ನು ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೇ ಒಪ್ಪಿದ್ದಾನೆ. ಅಂಗನವಾಡಿಯಿಂದ ಪಠ್ಯಪುಸ್ತಕದವರೆಗೆ ‘ಕಬ್ಬಿಣಾಂಶ’ ನಡೆಯುತ್ತಿದೆ. ಅದನ್ನು ಸುಮ್ನೆ ಕೆಣಕಬೇಡಿ.

ತೊಡಕು ಇರುವುದು ‘ಮಟ್ಟ’ದಲ್ಲಿ. ಹುಟ್ಟಿದಾಗ ಕೂಸಿನ ಹಿಮೋಗ್ಲೋಬಿನ್ (ಕೆಂಪುಕಣದೊಳಗಿನ ಕಬ್ಬಿಣವುಳ್ಳ ವಸ್ತು) 100 ಮಿಲಿಲೀಟರ್ ರಕ್ತಕ್ಕೆ 17 ಗ್ರಾಂ ಆಸುಪಾಸು ಇರುತ್ತದೆ. ಎರಡು ತಿಂಗಳಿಗೆ 11ರ ಹತ್ತಿರ ಇಳಿಯುತ್ತದೆ. ಗಟ್ಟಿಮುಟ್ಟಾದ ಕೂಸಿನಲ್ಲೂ ಹೀಗೇ. ಹಳೆಯ ಕೆಂಪುಕಣ ಒಡೆದಾಗ ಅದರ ಕಬ್ಬಿಣ ಹೊರಗೆ ಹೋಗುವುದಿಲ್ಲ, ಮೈಯಲ್ಲೇ ಎತ್ತಿಡಲ್ಪಟ್ಟು ಮುಂದೆ ಹೊಸ ರಕ್ತಕ್ಕೆ ಬರುತ್ತದೆ. ಅಂದರೆ ರಕ್ತದ ಅಳತೆ ಇಳಿಯುವಾಗಲೇ ಕೂಡಿಟ್ಟದ್ದು ಏರುತ್ತಿರುತ್ತದೆ! ಎರಡಕ್ಕೂ ‘ಮಟ್ಟ’ ಎಂದರೆ ತಾಯಿಗೆ ಏನು ತಿಳಿಯಬೇಕು? ‘ದಾಸ್ತಾನು’ ಎನ್ನಿ. ಸಂತೆಗೆ ಹೋಗುವ ಎಲ್ಲರಿಗೂ ಗೊತ್ತಿರುವ ಪದ.

> ‘ದಾಸ್ತಾನು’

ಪಾರಸಿ. ಸಂಸ್ಕೃತಕ್ಕೆ ಬಾಗಿಲು ಮುಚ್ಚಿದವರು ಪಾರಸಿಗೆ ಮಣೆ ಹಾಕುತ್ತೀರಿ. ಇದು ಯಾವ ನ್ಯಾಯ?

> ಪಾರಸಿ.

ಕಾಗದ, ಕುರ್ಚಿ, ಡಾಕ್ಟರು ಎಲ್ಲ ಎಲ್ಲಿಂದಲೋ ಬಂದವೇ. ಜನರ ಬಾಯಲ್ಲಿ ಪಳಗಿದ್ದು ಕನ್ನಡ. ಬೇರು ಅಗೆದು ನೋಡಿ ಒಳಗೆ ಬಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಇಬ್ಬರಿಗೂ ವಂದನೆ. ‘ಮಟ್ಟ’ದ ಮಾತು ನನ್ನ ಕಣ್ಣು ತೆರೆಸಿತು. ‘ದಾಸ್ತಾನು’ ಅರ್ಥಕ್ಕೆ ಸರಿ, ಆದರೆ ಅಕ್ಕಿ ಮೂಟೆಯ ನೆನಪು ತರುತ್ತದೆ. ನನ್ನ ಅಜ್ಜಿ ಊರಿಗೆ ಹೊರಟವರಿಗೆ ಬುತ್ತಿ ಕಟ್ಟುತ್ತಿದ್ದರು. ದಾರಿ ಮುಗಿಯುವವರೆಗೆ ಸಾಕಾಗುವಷ್ಟು. ಇದೂ ಅದೇ ಅಲ್ವಾ? ಫಲಕಕ್ಕೆ ಹೀಗೆ ಬರೆದಿದ್ದೇನೆ:

‘ಹೊಟ್ಟೆಯಲ್ಲಿದ್ದಾಗಲೇ ತಾಯಿ ಕೂಸಿಗೆ ಕಬ್ಬಿಣಾಂಶದ ಬುತ್ತಿ ಕಟ್ಟಿಕೊಡುತ್ತಾಳೆ. ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಗೆ ಕ್ಲಿಪ್ ಹಾಕಲು ಕನಿಷ್ಠ 1 ನಿಮಿಷ ಕಾದರೆ ಬುತ್ತಿ ಇನ್ನೂ ತುಂಬುತ್ತದೆ. ಆರು ತಿಂಗಳಿಗೆ ಅದು ಕರಗುತ್ತಾ ಬರುತ್ತದೆ. ಆಗ ಎದೆಹಾಲಿನ ಜೊತೆ ಮೇಲಿನ ಆಹಾರ ಶುರು ಮಾಡಿ.’

ತಪ್ಪಿದ್ದರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.