ಸಹಾಯ ಬೇಕು: ಸಂಡೂರಿನ ಕಾಡಿಗೆ ‘ಸಂರಕ್ಷಣಾ ಮೀಸಲು’ ಕೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವು ಬಳ್ಳಾರಿ ಜಿಲ್ಲೆ ಸಂಡೂರು ಕಡೆಯವರು. ಊರಿನ ಹತ್ತು ಜನ ಸೇರಿ ಸ್ವಾಮಿಮಲೈ ಕಾಡು ಉಳಿಸಲು ಓಡಾಡುತ್ತಿದ್ದೇವೆ. ಅದಿರು ಗಣಿ ಬಂದರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಕೆಂಪು ಧೂಳು ತಿಂದೇ ಬೆಳೆದವರು.

ದರೋಜಿಯಲ್ಲಿ ಕರಡಿಗೆ 1994ರಲ್ಲೇ ಅಭಯಾರಣ್ಯ ಆಯಿತು. ಇಲ್ಲೂ ಕೇಳೋಣ ಅಂದರೆ ಕುರಿಗಾಹಿಗಳು ಬೇಡ ಅಂದರು. ಮೇಯಿಸಲು ಒಳಗೆ ಬಿಡುವುದಿಲ್ಲ ಅಂತ ಅವರ ಭಯ. ಅದು ಸುಳ್ಳೇನಲ್ಲ, ಅಲ್ವಾ? ಆಮೇಲೆ 1972ರ ವನ್ಯಜೀವಿ ಕಾಯ್ದೆಯ 36ಎ ಕಲಂ ಕಣ್ಣಿಗೆ ಬಿತ್ತು. ಸ್ಥಳೀಯರ ಹತ್ತಿರ ಚರ್ಚಿಸಿ ಸರ್ಕಾರಿ ಜಾಗವನ್ನು ‘ಸಂರಕ್ಷಣಾ ಮೀಸಲು’ ಮಾಡಬಹುದು, ಒಳಗೆ ವಾಸಿಸುವವರ ಹಕ್ಕಿಗೆ ಧಕ್ಕೆ ಇಲ್ಲ.

ಸಹಿ ಸಂಗ್ರಹಿಸಿದೆವು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು. ಅರ್ಜಿ ಕೊಟ್ಟರೆ ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸುತ್ತಾರೆ, ಅವರು ತಿರುಗಿ ಇಲ್ಲಿಗೇ. ಬಸ್ ಚಾರ್ಜೇ ಜಾಸ್ತಿ ಆಯಿತು.

ಗೊಂದಲ ಇಷ್ಟೇ. ಆ ಕಲಂನಲ್ಲಿ ‘ವಿಶೇಷವಾಗಿ’ ಅಭಯಾರಣ್ಯಕ್ಕೆ ಹೊಂದಿಕೊಂಡ ಜಾಗ ಅಂತಿದೆ. ನಮ್ಮ ಕಾಡು ದರೋಜಿಗೆ ಅಂಟಿಕೊಂಡಿಲ್ಲ. ಹಾಗಿದ್ದರೂ ಕೇಳಬಹುದಾ? ಠರಾವನ್ನು ಡಿಸಿಎಫ್‌ಗೆ (ಉಪ ಅರಣ್ಯ ಸಂರಕ್ಷಣಾಧಿಕಾರಿಗೆ) ಕೊಡಬೇಕಾ, ನೇರವಾಗಿ ಬೆಂಗಳೂರಿನ ಮುಖ್ಯ ವನ್ಯಜೀವಿ ಪರಿಪಾಲಕರಿಗಾ? ಇದನ್ನು ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.